ರ‍್ಯಾಕ್ ಕೂರಿಸುವ ಮುನ್ನ: ಜಾಗದ ತಯಾರಿ, ಅರ್ಥಿಂಗ್ ಮತ್ತು ಕಾಣದ ಕಿಡಿಯಿಂದ ನೆಟ್‌ವರ್ಕ್ ಉಪಕರಣಗಳ ರಕ್ಷಣೆ

ಕೆಲವು ವರ್ಷಗಳ ಹಿಂದೆ, ಜನವರಿ ತಿಂಗಳಲ್ಲಿ, ಬಳ್ಳಾರಿ ಸೀಮೆಯ ಒಂದು ಕಚೇರಿಗೆ ಹೋಗಿದ್ದೆ. ಕಂಪ್ಯೂಟರುಗಳ ಕೇಬಲುಗಳನ್ನೆಲ್ಲ ಒಂದೆಡೆ ಕೂಡಿಸುವ, 48 ಪೋರ್ಟುಗಳ (ಕೇಬಲ್ ಸಿಕ್ಕಿಸುವ ಕಿಂಡಿಗಳ) ಸ್ವಿಚ್‌ನಲ್ಲಿ ಒಂದೊಂದೇ ಪೋರ್ಟ್ ಸಾಯುತ್ತಿದೆ ಎಂಬುದು ಅವರ ದೂರು. ಮೊದಲು ಮೂರು ಹೋಗಿದ್ದವು, ತಿಂಗಳೊಪ್ಪತ್ತಿನಲ್ಲಿ ಇನ್ನೆರಡು. ರ‍್ಯಾಕ್ (ಉಪಕರಣ ಕೂರಿಸುವ ಲೋಹದ ಚೌಕಟ್ಟು) ನೋಡಲು ಚೆಂದವಾಗಿತ್ತು. ಕೇಬಲುಗಳನ್ನು ಜಡೆ ಹೆಣೆದಂತೆ ಕಟ್ಟಿದ್ದರು, ತಳದ ತಾಮ್ರದ ಪಟ್ಟಿಗೆ ಅರ್ಥಿಂಗ್‌ನ ಹಸಿರು ತಂತಿ ಬಿಗಿದಿದ್ದರು. ಆ ತಂತಿ ಗೋಡೆಗುಂಟ ಏರಿ ಫಾಲ್ಸ್ ಸೀಲಿಂಗ್‌ನೊಳಗೆ ಮಾಯವಾಗಿತ್ತು. ಸುಮ್ಮನೆ ಒಮ್ಮೆ ಎಳೆದು ನೋಡಿದೆ. ಒಂದೂವರೆ ಮೀಟರ್ ತಂತಿ ಸುರುಳಿಯಾಗಿ ನನ್ನ ಹೆಗಲ ಮೇಲೆ ಬಿತ್ತು. ಅದರ ಮೇಲ್ತುದಿಯನ್ನು ಯಾವುದಕ್ಕೂ ಜೋಡಿಸಿರಲಿಲ್ಲ.

ಅಳವಡಿಸಲು ಬಂದಿದ್ದ ಹುಡುಗರು ಕೈಗೆ ರಿಸ್ಟ್ ಸ್ಟ್ರಾಪ್ (ಮೈಮೇಲಿನ ಸ್ಥಾಯೀ ವಿದ್ಯುತ್ತನ್ನು ಭೂಮಿಗೆ ಇಳಿಸುವ ಮಣಿಕಟ್ಟಿನ ಪಟ್ಟಿ) ಕಟ್ಟಿಕೊಂಡೇ ಕೆಲಸ ಮಾಡಿದ್ದರಂತೆ. ಕ್ಲಿಪ್ ಸಿಕ್ಕಿಸಿದ್ದು ಅದೇ ರ‍್ಯಾಕಿನ ಬಣ್ಣ ಬಳಿದ ಕಂಬಕ್ಕೆ. ಬಣ್ಣದ ಮೇಲೆ ಕಚ್ಚಿದ, ಭೂಮಿಗೆ ಸೇರದ ಸ್ಟ್ರಾಪ್ ಕೈಗೊಂದು ಬಳೆಯಷ್ಟೇ. ಆ ಪೋರ್ಟುಗಳು ಸತ್ತಿದ್ದು ಇದೊಂದರಿಂದಲೇ ಎಂದು ನಾನು ಪ್ರಮಾಣ ಮಾಡಲಾರೆ. ಆದರೆ ಅಂದಿನಿಂದ ಎಲ್ಲಿಗೆ ಹೋದರೂ ಮೊದಲು ಹಸಿರು ತಂತಿಯ ಇನ್ನೊಂದು ತುದಿ ಎಲ್ಲಿದೆ ಎಂದು ಹುಡುಕುತ್ತೇನೆ. ಈ ಬರಹದಲ್ಲಿ ಆ ತಂತಿಗೆ ಉಳಿದ ವಿಷಯಗಳಿಗಿಂತ ಹೆಚ್ಚು ಜಾಗ ಸಿಕ್ಕಿರುವುದು ಅದಕ್ಕೇ.

ಇಲ್ಲಿ ನನ್ನ ಕಣ್ಣ ಮುಂದಿರುವುದು ದೊಡ್ಡ ಡೇಟಾ ಸೆಂಟರ್ ಅಲ್ಲ. ಒಂದು ಕಾಲೇಜು, ಒಂದು ಸಹಕಾರಿ ಬ್ಯಾಂಕ್ ಶಾಖೆ, ಒಂದು ನರ್ಸಿಂಗ್ ಹೋಂ: ಎರಡು ಮೂರು ಸ್ವಿಚ್, ಒಂದು ರೌಟರ್, ಕ್ಯಾಮೆರಾಗಳ ರೆಕಾರ್ಡರ್, ಒಂದು ಯುಪಿಎಸ್ ಇರುವಂಥ ಕೋಣೆ.

ಆರ್ಡರ್ ಹಾಕುವ ಮೊದಲು ಟೇಪು ಹಿಡಿಯಿರಿ

ರ‍್ಯಾಕಿನ ಲೆಕ್ಕ ನಡೆಯುವುದು ‘ಯು’ಗಳಲ್ಲಿ. ಒಂದು ಯು ಎಂದರೆ 44.45 ಮಿಲಿಮೀಟರ್ ಎತ್ತರ. 42 ಯು ರ‍್ಯಾಕಿನಲ್ಲಿ ಉಪಕರಣ ಕೂರುವ ಜಾಗವೇ 1,867 ಮಿಲಿಮೀಟರ್. ತಳ, ತಲೆ ಸೇರಿದರೆ ಸುಮಾರು ಎರಡು ಮೀಟರ್. ಕೋಣೆಗೆ ಹಿಡಿಸುತ್ತದೆ ಎಂದು ಅಳೆದವರು ಮೆಟ್ಟಿಲಿನ ತಿರುವನ್ನು ಅಳೆಯಲು ಮರೆಯುತ್ತಾರೆ. ಲಾರಿಯಿಂದ ಇಳಿಸಿದ ರ‍್ಯಾಕ್ ಮೊದಲ ಮಹಡಿಯ ತಿರುವಿನಲ್ಲಿ ಸಿಕ್ಕಿಬಿದ್ದು, ಕೊನೆಗೆ ಬಿಚ್ಚಿ ಮತ್ತೆ ಜೋಡಿಸಿದ್ದನ್ನು ನಾನು ಎರಡು ಸಲ ನೋಡಿದ್ದೇನೆ. ಆದ್ದರಿಂದ ಗೇಟು, ಮೆಟ್ಟಿಲು, ಲಿಫ್ಟಿನ ಬಾಗಿಲು, ಕೋಣೆಯ ಬಾಗಿಲು, ಈ ಕ್ರಮದಲ್ಲಿ ಅಳೆದು ಬರೆದುಕೊಳ್ಳಿ.

ಆಳವನ್ನೂ ನೋಡಿ. 600 ಮಿಲಿಮೀಟರ್ ಆಳದ ರ‍್ಯಾಕಿನಲ್ಲಿ ಉದ್ದನೆಯ ಸ್ವಿಚ್ ಕೂತರೂ, ಹಿಂದಿನ ಪವರ್ ಕಾರ್ಡ್ ಬಾಗಲು ಜಾಗ ಉಳಿಯದೆ ಬಾಗಿಲು ಮುಚ್ಚುವುದಿಲ್ಲ. ಮುಂದೆ ಒಂದು ಮೀಟರ್ ಖಾಲಿ ಜಾಗ ಬೇಕು, ಹಿಂದೆ ಒಬ್ಬ ಮನುಷ್ಯ ಬಗ್ಗಿ ಕೆಲಸ ಮಾಡುವಷ್ಟು ಬೇಕು. ಗೋಡೆಗೆ ತೂಗುಹಾಕುವ ಸಣ್ಣ ರ‍್ಯಾಕ್ ಆದರೆ ಗೋಡೆ ಇಟ್ಟಿಗೆ ಅಥವಾ ಕಾಂಕ್ರೀಟಿನದೇ ಎಂದು ತಟ್ಟಿ ನೋಡಿ. ಜಿಪ್ಸಮ್ ಹಲಗೆಯ ಗೋಡೆಗೆ ತುಂಬಿದ ರ‍್ಯಾಕನ್ನು ನಂಬಿ ಬಿಡಬೇಡಿ.

ಕೋಣೆ ಆರಿಸುವಾಗ ಮೇಲೆ ಏನಿದೆ ಎಂದು ಕೇಳಿ. ಶೌಚಾಲಯ, ನೀರಿನ ಟ್ಯಾಂಕ್ ಅಥವಾ ಅವುಗಳ ಕೊಳವೆ ಮೇಲೆ ಹಾದುಹೋಗುವ ಕೋಣೆ ಬೇಡ. ಪಶ್ಚಿಮದ ಬಿಸಿಲು ಬೀಳುವ ಗೋಡೆ ಇದ್ದರೆ ಎಸಿಯ ಲೆಕ್ಕವೇ ಬದಲಾಗುತ್ತದೆ. ಹಳೆಯ ಕಡತಗಳ ಉಗ್ರಾಣದ ಮೂಲೆಯನ್ನು ತೋರಿಸಿ ‘ಇಲ್ಲೇ ಇಡಿ ಸಾರ್’ ಎನ್ನುವುದು ನಮ್ಮಲ್ಲಿ ರೂಢಿ. ಕಡತ ಇರುವಲ್ಲಿ ಗೆದ್ದಲು, ಇಲಿ ಇರುತ್ತವೆ. ಇಲಿಗೆ ಕೇಬಲಿನ ಸಿಪ್ಪೆ ಎಂದರೆ ಇಷ್ಟ. ಕೇಬಲ್ ಒಳಗೆ ಬರುವ ಪ್ರತಿಯೊಂದು ತೂತನ್ನೂ ಮುಚ್ಚಿಸಿ.

ಹಸಿರು ತಂತಿಯ ಇನ್ನೊಂದು ತುದಿ

ರ‍್ಯಾಕಿಗೆ ಅದರದೇ ಆದ ಪ್ರತ್ಯೇಕ ವಿದ್ಯುತ್ ಮಾರ್ಗ ಬೇಕು: ಮುಖ್ಯ ಫಲಕದಿಂದ ಬೇರೆ ಎಂಸಿಬಿ (ಹೊರೆ ಮೀರಿದರೆ ತಾನೇ ಆರುವ ಸ್ವಿಚ್), ಕನಿಷ್ಠ ಎರಡು 16 ಆಂಪಿಯರ್ ಸಾಕೆಟ್. ಅದೇ ಮಾರ್ಗಕ್ಕೆ ಝೆರಾಕ್ಸ್ ಯಂತ್ರ, ಕಾಫಿ ಕಾಯಿಸುವ ಕೆಟಲ್ ಸೇರಿಸಬಾರದು. ಇಷ್ಟು ಸುಲಭದ ಭಾಗ.

ಅರ್ಥಿಂಗ್ ಪರೀಕ್ಷೆಗೆ ಒಂದು ಮಲ್ಟಿಮೀಟರ್ ಸಾಕು, ಕನಿಷ್ಠ ಮೊದಲ ಸುತ್ತಿಗೆ. ಎಸಿ ವೋಲ್ಟ್ ಶ್ರೇಣಿಗೆ ಇಟ್ಟು ಸಾಕೆಟ್ಟಿನಲ್ಲಿ ಮೂರು ಅಳತೆ ತೆಗೆದುಕೊಳ್ಳಿ. ಬರಿಯ ತುದಿಗಳನ್ನು ಮುಟ್ಟುವ ಕೆಲಸ ಇದು. ಅಭ್ಯಾಸ ಇಲ್ಲದವರು ಎಲೆಕ್ಟ್ರಿಷಿಯನ್ನರಿಂದ ಮಾಡಿಸಿ, ಪಕ್ಕದಲ್ಲಿ ನಿಂತು ಅಂಕಿ ಬರೆದುಕೊಳ್ಳಿ.

ಫೇಸ್ (ವಿದ್ಯುತ್ ಬರುವ ತಂತಿ) ಮತ್ತು ನ್ಯೂಟ್ರಲ್ (ಅದು ಮರಳುವ ತಂತಿ) ನಡುವೆ ಸುಮಾರು 230 ವೋಲ್ಟ್ ಬರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಇಲ್ಲಿ 90, 120 ಎಂದು ಎಲ್ಲೋ ನಡುವೆ ತೇಲುವ ಅಂಕಿ ಕಂಡರೆ ಅರ್ಥ್ ತಂತಿ ದಾರಿಯಲ್ಲೆಲ್ಲೋ ತುಂಡಾಗಿದೆ ಎಂದು ತಿಳಿಯಿರಿ. ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ಅಂಕಿ ಎರಡು ಮೂರು ವೋಲ್ಟ್ ಮೀರದಿದ್ದರೆ ಒಳ್ಳೆಯದು. ಹತ್ತು, ಹದಿನೈದು ಬಂದರೆ ಕೆಲಸ ನಿಲ್ಲಿಸಿ ಕಾರಣ ಹುಡುಕಿ.

ಮೋಸ ಒಂದಿದೆ. ನ್ಯೂಟ್ರಲ್–ಅರ್ಥ್ ಅಂಕಿ ಕಟ್ಟಡದಲ್ಲಿ ಎಲ್ಲ ಓಡುತ್ತಿರುವಾಗಲೂ ಚೊಕ್ಕ ಸೊನ್ನೆ ತೋರಿಸಿದರೆ ಸಂತೋಷಪಡಬೇಡಿ. ಯಾರೋ ಸಾಕೆಟ್ಟಿನ ಒಳಗೆ ಒಂದು ತುಂಡು ತಂತಿಯಿಂದ ನ್ಯೂಟ್ರಲನ್ನೂ ಅರ್ಥನ್ನೂ ಜೋಡಿಸಿ ‘ಅರ್ಥಿಂಗ್ ಸರಿ ಇದೆ’ ಎಂದು ತೋರಿಸಿರಬಹುದು. ಮುಂದೊಂದು ದಿನ ನ್ಯೂಟ್ರಲ್ ಕಳಚಿದರೆ ರ‍್ಯಾಕಿನ ಲೋಹದ ಮೈಗೆಲ್ಲ 230 ವೋಲ್ಟ್ ಬರುತ್ತದೆ. ಸಾಕೆಟ್ ಬಿಚ್ಚಿಸಿ ನೋಡಿ.

ಅರ್ಥ್ ಗುಂಡಿಯ (ಅರ್ಥ್ ತಂತಿ ಕೊನೆಗೆ ನೆಲ ಸೇರುವ ಗುಂಡಿ) ರೋಧವನ್ನು ಮಲ್ಟಿಮೀಟರ್ ಅಳೆಯಲಾರದು. ಅದಕ್ಕೆ ನೆಲಕ್ಕೆ ಕಂಬಿ ನೆಟ್ಟು ಅಳೆಯುವ ಅರ್ಥ್ ಟೆಸ್ಟರ್ ಬೇಕು. ಭಾರತದಲ್ಲಿ ಇದಕ್ಕೆ ಆಧಾರವಾಗಿರುವ ಮಾನಕ ಐಎಸ್ 3043. ಉಪಕರಣ ಮಾರುವವರು ಎಷ್ಟು ಓಮ್ ಒಳಗಿರಬೇಕು ಎಂದು ತಮ್ಮ ಕೈಪಿಡಿಯಲ್ಲಿ ಹೇಳಿರುತ್ತಾರೆ, ಅದನ್ನೇ ಗುತ್ತಿಗೆದಾರರಿಗೆ ಬರೆದುಕೊಡಿ. ಇದ್ದಿಲು, ಉಪ್ಪು ಹಾಕಿದ ಹಳೆಯ ಗುಂಡಿಗಳು ಬೇಸಿಗೆಯಲ್ಲಿ ಒಣಗಿ ಕೈಕೊಡುತ್ತವೆ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್‌ನಲ್ಲಿ ಆ ಗುಂಡಿಗೆ ವಾರಕ್ಕೆರಡು ಬಿಂದಿಗೆ ನೀರು ಹಾಕುವ ಕಾವಲುಗಾರ ಸಿಕ್ಕರೆ ಅವರಿಗೆ ದೀಪಾವಳಿಗೆ ಸಿಹಿ ಕೊಡಿ.

ಗುಂಡಿಯಿಂದ ಬಂದ ಅರ್ಥ್ ರ‍್ಯಾಕಿನ ತಾಮ್ರದ ಪಟ್ಟಿಗೆ ಸೇರಬೇಕು. ಅಲ್ಲಿಂದ ಪ್ರತಿ ಉಪಕರಣದ ಅರ್ಥ್ ತಿರುಪಿಗೆ ಬೇರೆ ಬೇರೆ ತಂತಿ ಹೋಗಬೇಕು. ಒಂದರಿಂದ ಒಂದಕ್ಕೆ ಸರಪಳಿ ಎಳೆಯುವುದು ಬೇಡ. ನೆನಪಿಡಬೇಕಾದ ವಿಷಯವೆಂದರೆ ರ‍್ಯಾಕಿನ ಪೌಡರ್ ಬಣ್ಣ ವಿದ್ಯುತ್ ಹರಿಯಲು ಬಿಡುವುದಿಲ್ಲ. ತಿರುಪು ಬಿಗಿದ ಮಾತ್ರಕ್ಕೆ ಸಂಪರ್ಕ ಆಗಿರುವುದಿಲ್ಲ. ಹಲ್ಲುಗಳಿರುವ ವಾಷರ್ ಹಾಕಿ, ಅಥವಾ ಆ ಕಾಸಿನಗಲ ಜಾಗದ ಬಣ್ಣವನ್ನು ಕೆರೆದು ತೆಗೆಯಿರಿ. ಆಮೇಲೆ ಮಲ್ಟಿಮೀಟರನ್ನು ಓಮ್‌ಗೆ ತಿರುಗಿಸಿ, ಒಂದು ಕಡ್ಡಿ ಸ್ವಿಚ್‌ನ ಬರಿಲೋಹಕ್ಕೆ, ಇನ್ನೊಂದು ತಾಮ್ರದ ಪಟ್ಟಿಗೆ. ಒಂದು ಓಮಿಗಿಂತ ಕಡಿಮೆ ತೋರಿಸಬೇಕು.

ತಂಪು, ತೇವ, ಧೂಳು

ಎಸಿ ಎಷ್ಟು ಟನ್ ಬೇಕು ಎಂಬುದನ್ನು ಅಂದಾಜಿಗೆ ಬಿಡಬೇಡಿ. ಉಪಕರಣಗಳ ವ್ಯಾಟ್ ಕೂಡಿಸಿ 3.412ರಿಂದ ಗುಣಿಸಿದರೆ ಗಂಟೆಗೆ ಇಷ್ಟು ಬಿಟಿಯು (ಶಾಖದ ಅಳತೆ) ಎಂದು ಸಿಗುತ್ತದೆ. ಎರಡು ಸ್ವಿಚ್, ರೌಟರ್, ರೆಕಾರ್ಡರ್, ಯುಪಿಎಸ್‌ನ ನಷ್ಟ ಎಲ್ಲ ಸೇರಿ 580 ವ್ಯಾಟ್ ಎಂದಿಟ್ಟುಕೊಂಡರೆ ಸುಮಾರು 2,000 ಬಿಟಿಯು ಆಯಿತು. ಒಂದು ಟನ್ ಎಸಿ ಎಂದರೆ 12,000. ಅಂದರೆ ಉಪಕರಣದ ಶಾಖ ಆರನೇ ಒಂದು ಪಾಲಷ್ಟೆ. ಉಳಿದದ್ದನ್ನು ನುಂಗುವುದು ಬಿಸಿಲಿನ ಗೋಡೆ ಮತ್ತು ತೆರೆದಿಟ್ಟ ಬಾಗಿಲು. ಕ್ಯಾಮೆರಾಗಳಿಗೆ ಕೇಬಲಿನಲ್ಲೇ ವಿದ್ಯುತ್ ಕಳಿಸುವ ಸ್ವಿಚ್ ಆದರೆ, ಆ ಶಕ್ತಿಯ ಬಹುಪಾಲು ಕ್ಯಾಮೆರಾದ ಹತ್ತಿರ ಶಾಖವಾಗುತ್ತದೆ, ನಿಮ್ಮ ಕೋಣೆಯಲ್ಲಲ್ಲ. ಅದನ್ನೆಲ್ಲ ಇಲ್ಲಿ ಕೂಡಿಸಿ ಎರಡು ಟನ್ ಮಾರಲು ಬರುವವರಿದ್ದಾರೆ.

ಎಸಿಯನ್ನು ರ‍್ಯಾಕಿನ ನೆತ್ತಿಯ ಮೇಲೆ ಹಾಕಿಸಬೇಡಿ. ಅದರ ನೀರಿನ ಕೊಳವೆ ಕಟ್ಟಿಕೊಳ್ಳುವುದು ಖಚಿತ. ಯಾವತ್ತು ಎಂಬುದಷ್ಟೇ ಪ್ರಶ್ನೆ. ಉಪಕರಣದೊಳಗೆ ಹೋಗುವ ಗಾಳಿ 18ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಚೆನ್ನ. ಆರ್ದ್ರತೆ ಶೇ 40ರಿಂದ 60ರ ನಡುವೆ ಇರಲಿ. ಅಗ್ಗದ ಆರ್ದ್ರತಾಮಾಪಕವೊಂದನ್ನು ಬಾಗಿಲ ಬಳಿ ತೂಗುಹಾಕಿ. ಮಂಗಳೂರು, ಆಗುಂಬೆಯ ಮಳೆಗಾಲದಲ್ಲಿ ತೊಂದರೆ ಇನ್ನೊಂದು ಬಗೆಯದು: ಅಲ್ಲಿ ಕಿಡಿಗಿಂತ ತುಕ್ಕು, ಹನಿಗಟ್ಟುವ ತೇವ ದೊಡ್ಡ ಶತ್ರು. ತಂಪು ಕೋಣೆಯಿಂದ ತೇವದ ಹೊರಗಾಳಿಗೆ ತಂದ ಉಪಕರಣದ ಮೈಮೇಲೆ, ಕನ್ನಡಕದ ಮೇಲೆ ಆಗುವ ಹಾಗೆ, ಮಂಜು ಕೂರುತ್ತದೆ.

ಧೂಳಿನ ವಿಷಯದಲ್ಲಿ ಒಂದೇ ನಿಯಮ. ಡ್ರಿಲ್, ಟೈಲ್ಸ್ ಕತ್ತರಿಸುವುದು, ಬಣ್ಣ, ಸುಣ್ಣ ಎಲ್ಲ ಮುಗಿದು, ನೆಲ ಎರಡು ಸಲ ಒರೆಸಿದ ಮೇಲೆಯೇ ಪೆಟ್ಟಿಗೆ ಒಳಗೆ ಬರಬೇಕು. ‘ಇನ್ನೊಂದು ನಾಲ್ಕು ತೂತು ಅಷ್ಟೇ’ ಎನ್ನುವವರನ್ನು ನಂಬಬೇಡಿ.

ಕಾಣದ ಕಿಡಿ

ಚಳಿಗಾಲದ ರಾತ್ರಿ ದೀಪ ಆರಿಸಿ ಟೆರಿಲಿನ್ ಅಂಗಿ ಅಥವಾ ಉಣ್ಣೆಯ ಸ್ವೆಟರ್ ಕಳಚಿದಾಗ ಚಟಚಟ ಸದ್ದು ಬಂದು ಕಿಡಿ ಹಾರುವುದನ್ನು ಎಲ್ಲರೂ ನೋಡಿದ್ದೇವೆ. ಪ್ರಾಥಮಿಕ ಶಾಲೆಯಲ್ಲಿ ಬಾಚಣಿಗೆಯನ್ನು ತಲೆಗೆ ಉಜ್ಜಿ ಕಾಗದದ ಚೂರು ಎತ್ತಿದ್ದೂ ಇದೇ ಸ್ಥಾಯೀ ವಿದ್ಯುತ್ತಿನಿಂದ. ಎರಡು ವಸ್ತು ತಾಕಿ ಬೇರೆಯಾದಾಗ ಒಂದರಿಂದ ಇನ್ನೊಂದಕ್ಕೆ ಆವೇಶ ದಾಟುತ್ತದೆ, ಒಣಗಾಳಿಯಲ್ಲಿ ಅದು ಇಳಿದುಹೋಗಲು ದಾರಿ ಸಿಗದೆ ಮೈಮೇಲೆ ಕೂಡುತ್ತದೆ.

ಈ ವಿಷಯದ ಕೈಪಿಡಿಗಳಲ್ಲಿ ಪದೇ ಪದೇ ಕಾಣುವ ಅಂಕಿಗಳಿವೆ. ಆರ್ದ್ರತೆ ಶೇ 10–20 ಇರುವಾಗ ಕಾರ್ಪೆಟ್ ಮೇಲೆ ನಡೆದರೆ ಮೈಮೇಲೆ 35,000 ವೋಲ್ಟ್ ತನಕ ಸೇರಬಹುದು. ಶೇ 65–90 ಇದ್ದರೆ ಅದೇ ನಡಿಗೆಗೆ 1,500. ವಿನೈಲ್ ನೆಲದ ಮೇಲೆ ಇವೇ ಅಂಕಿ 12,000 ಮತ್ತು 250. ನಮ್ಮ ಚರ್ಮಕ್ಕೆ ಕಿಡಿಯ ಚುಚ್ಚು ತಿಳಿಯಬೇಕಾದರೆ ಸುಮಾರು 3,000 ವೋಲ್ಟ್ ಬೇಕು. ಸೂಕ್ಷ್ಮವಾದ ಚಿಪ್ ಒಂದು ಕೆಡಲು ನೂರು ವೋಲ್ಟ್ ಸಾಕು. ಇವೆರಡರ ನಡುವಿನ ಅಂತರದಲ್ಲೇ ಎಲ್ಲ ಅನಾಹುತವೂ ನಡೆಯುತ್ತದೆ: ನಿಮಗೆ ಏನೂ ಗೊತ್ತಾಗಿರುವುದಿಲ್ಲ, ಸದ್ದಿಲ್ಲ, ಬೆಳಕಿಲ್ಲ. ‘ನನಗೆ ಶಾಕ್ ಹೊಡೆಯಲೇ ಇಲ್ಲವಲ್ಲ’ ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಇನ್ನೂ ಕೆಟ್ಟದ್ದು ಅರೆಜೀವದ ಹಾನಿ. ಚಿಪ್ ಅಂದೇ ಸತ್ತರೆ ವಾರಂಟಿಯಲ್ಲಿ ಬದಲಾಯಿಸಬಹುದು. ಒಳಗೆ ಗಾಯವಾಗಿ, ಪರೀಕ್ಷೆಯಲ್ಲಿ ಪಾಸಾಗಿ, ಆರು ತಿಂಗಳ ಮೇಲೆ ಕಾಲೇಜಿನ ಫಲಿತಾಂಶದ ದಿನವೇ ಕೈಕೊಟ್ಟರೆ ಯಾರನ್ನು ಕೇಳುತ್ತೀರಿ?

ಅಳವಡಿಸುವ ದಿನ ಚೀಲದಲ್ಲಿ ರಿಸ್ಟ್ ಸ್ಟ್ರಾಪ್, ಸ್ಥಾಯೀ ವಿದ್ಯುತ್ ಇಳಿಸುವ ಮ್ಯಾಟ್, ಮಲ್ಟಿಮೀಟರ್ ಇರಲಿ. ಸ್ಟ್ರಾಪಿನ ತಂತಿಯಲ್ಲಿ ಒಂದು ಮೆಗಾ ಓಮ್ ರೋಧಕ ಅಡಗಿರುತ್ತದೆ. ಮೈಯ ಆವೇಶವನ್ನು ನಿಧಾನವಾಗಿ ಇಳಿಸುವುದರ ಜೊತೆಗೆ ಅದು ನಿಮ್ಮ ಜೀವ ಕಾಯುತ್ತದೆ: ಕೈ ತಪ್ಪಿ 230 ವೋಲ್ಟ್ ಮುಟ್ಟಿದರೂ ಸ್ಟ್ರಾಪ್ ಮೂಲಕ ಹರಿಯುವುದು 0.23 ಮಿಲಿ ಆಂಪಿಯರ್ ಮಾತ್ರ. ಸ್ಟ್ರಾಪ್ ಸಿಗಲಿಲ್ಲವೆಂದು ಬರಿ ತಂತಿಯನ್ನು ಕೈಗೆ ಸುತ್ತಿಕೊಂಡವರನ್ನು ನೋಡಿದ್ದೇನೆ. ಅದು ಆತ್ಮಹತ್ಯೆಯ ದಾರಿ. ಸ್ಟ್ರಾಪ್ ಇದ್ದರೂ ಮುಚ್ಚಳ ತೆರೆದ, ಜೀವಂತ ವಿದ್ಯುತ್ತಿರುವ ಭಾಗದೊಳಗೆ ಕೈ ಹಾಕಬೇಡಿ.

ಪೆಟ್ಟಿಗೆ ಬಂದ ದಿನ

1. ಪೆಟ್ಟಿಗೆಯನ್ನು ತೆರೆಯದೆ ಕೋಣೆಯಲ್ಲಿ ಕೆಲವು ಗಂಟೆ ಬಿಡಿ, ಸಾಧ್ಯವಾದರೆ ಒಂದು ರಾತ್ರಿ. ಒಳಗಿನ, ಹೊರಗಿನ ಉಷ್ಣತೆ ಒಂದಾಗಲಿ.

2. ಬಿಚ್ಚುವ ಕೆಲಸ ರ‍್ಯಾಕಿನಿಂದ ದೂರ, ಆದಷ್ಟು ಪಡಸಾಲೆಯಲ್ಲಿ ನಡೆಯಲಿ. ಥರ್ಮಾಕೋಲ್, ಪ್ಲಾಸ್ಟಿಕ್ ಹಾಳೆ, ಸೆಲ್ಲೋಟೇಪ್ ಎಳೆಯುವಾಗ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಇವು ನಿರೋಧಕಗಳಾದ್ದರಿಂದ ಅರ್ಥ್ ಮಾಡಿದರೂ ಆವೇಶ ಇಳಿಯುವುದಿಲ್ಲ, ದೂರ ಇಡುವುದೊಂದೇ ಉಪಾಯ. ಬೋರ್ಡಿನ ಹತ್ತಿರ ನೀರಿನ ಪ್ಲಾಸ್ಟಿಕ್ ಬಾಟಲಿ ಕೂಡ ಬೇಡ.

3. ಗಡಿಯಾರ, ಉಂಗುರ, ಕಡಗ ತೆಗೆದಿಡಿ. ಹತ್ತಿ ಬಟ್ಟೆ ತೊಟ್ಟು ಬನ್ನಿ.

4. ಭಾರದ್ದು ಕೆಳಗೆ. ಯುಪಿಎಸ್ ಮತ್ತು ಅದರ ಬ್ಯಾಟರಿ ತಳದಲ್ಲಿ ಕೂರಲಿ, ಇಪ್ಪತ್ತು ಕಿಲೋ ದಾಟಿದರೆ ಇಬ್ಬರು ಎತ್ತಿ. ಚೌಕಟ್ಟಿನ ನಟ್ಟುಗಳು ಬೆರಳು ಕೊಯ್ಯುತ್ತವೆ, ಮೊದಲೇ ಎಲ್ಲ ಕೂರಿಸಿಟ್ಟುಕೊಳ್ಳಿ.

5. ಉಪಕರಣ ರ‍್ಯಾಕಿಗೆ ಕೂತ ಕೂಡಲೇ ಮೊದಲ ತಂತಿ ಅರ್ಥಿನದು. ಬಿಚ್ಚುವ ದಿನ ಕೊನೆಯ ತಂತಿಯೂ ಅದೇ.

6. ಈಗ ಸ್ಟ್ರಾಪ್ ಕಟ್ಟಿ. ಅಂಗಿಯ ತೋಳಿನ ಮೇಲಲ್ಲ, ಚರ್ಮಕ್ಕೆ ತಾಕುವಂತೆ, ಬೆರಳು ತೂರದಷ್ಟು ಬಿಗಿಯಾಗಿ. ಕ್ಲಿಪ್ ಬಣ್ಣವಿಲ್ಲದ ಲೋಹಕ್ಕೆ, ಇದ್ದರೆ ರ‍್ಯಾಕಿನ ತಾಮ್ರದ ಪಟ್ಟಿಗೆ. ಕಟ್ಟುವ ಮೊದಲು ಮಲ್ಟಿಮೀಟರಿನಲ್ಲಿ ಸ್ಟ್ರಾಪಿನ ಒಳಗಿನ ಲೋಹದಿಂದ ಕ್ಲಿಪ್ ತನಕ ಅಳೆಯಿರಿ. ಒಂದು ಮೆಗಾ ಓಮ್ ಆಸುಪಾಸು ಬರಬೇಕು. ಅಂಕಿಯೇ ಬಾರದಿದ್ದರೆ ತಂತಿ ಒಳಗೆ ತುಂಡಾಗಿದೆ. ಚಳಿಗಾಲದಲ್ಲಿ ಬಿರಿದ ಒಣಚರ್ಮವಿದ್ದರೆ ಮಣಿಕಟ್ಟನ್ನು ಸ್ವಲ್ಪ ಒದ್ದೆ ಮಾಡಿಕೊಳ್ಳಿ.

7. ಮಾಡ್ಯೂಲುಗಳನ್ನು (ಸ್ವಿಚ್‌ಗೆ ಸಿಕ್ಕಿಸುವ ಬಿಡಿ ಭಾಗಗಳನ್ನು) ಚೀಲದಿಂದ ತೆಗೆಯುವುದು ಎಲ್ಲ ಸಿದ್ಧವಾದ ಮೇಲೆ, ಕೂರಿಸುವ ಕ್ಷಣಕ್ಕೆ. ಬೋರ್ಡನ್ನು ಅಂಚಿನಲ್ಲಿ ಹಿಡಿಯಿರಿ, ಬಂಗಾರದ ಬಣ್ಣದ ಹಲ್ಲುಗಳನ್ನು ಮುಟ್ಟಬೇಡಿ. ಫೈಬರ್ (ಬೆಳಕಿನಲ್ಲಿ ಮಾಹಿತಿ ಸಾಗಿಸುವ ಗಾಜಿನ ಎಳೆ) ಮಾಡ್ಯೂಲಿನ ರಬ್ಬರ್ ಬಿರಡೆ ಕೇಬಲ್ ಸಿಕ್ಕಿಸುವ ತನಕ ಇರಲಿ. ಬೆಳಕು ಬರುತ್ತಿದೆಯೇ ಎಂದು ಅದರೊಳಗೆ ಕಣ್ಣಿಟ್ಟು ನೋಡಬೇಡಿ, ಆ ಬೆಳಕು ಕಣ್ಣಿಗೆ ಕಾಣದೆಯೂ ಕಣ್ಣು ಸುಡಬಲ್ಲದು.

ಚೀಲದ ಬಗ್ಗೆ ಎರಡು ಮಾತು. ಗುಲಾಬಿ ಬಣ್ಣದ ಚೀಲ ತಾನು ಆವೇಶ ಹುಟ್ಟಿಸುವುದಿಲ್ಲ, ಅಷ್ಟೇ. ಹೊರಗಿನ ಕಿಡಿಯನ್ನು ತಡೆಯುವುದಿಲ್ಲ. ಬೂದು ಬೆಳ್ಳಿ ಬಣ್ಣದ, ಲೋಹದ ಪದರವಿರುವ ಚೀಲ ತಡೆಯುತ್ತದೆ, ಅದೂ ಬಾಯಿ ಮುಚ್ಚಿದ್ದಾಗ ಮಾತ್ರ. ಹಲವರು ಆ ಚೀಲವನ್ನು ಮೇಜಿನ ಮೇಲೆ ಹಾಸಿ ಅದರ ಮೇಲೆ ಬೋರ್ಡ್ ಇಡುತ್ತಾರೆ. ಚೀಲ ಮ್ಯಾಟ್ ಅಲ್ಲ.

ಉದ್ದನೆಯ ಕೇಬಲಿನ ಹೊಟ್ಟೆಯಲ್ಲಿ

ಅನುಭವಸ್ಥರೂ ಮರೆಯುವ ಜಾಗ ಇದು. ಪ್ಲಾಸ್ಟಿಕ್ ಕೊಳವೆಯೊಳಗೆ 60, 70 ಮೀಟರ್ ಕೇಬಲನ್ನು ಜಗ್ಗಿ ಎಳೆಯುವಾಗ ಅದರ ಸಿಪ್ಪೆ ಉಜ್ಜಿ ಉಜ್ಜಿ ಆವೇಶ ತುಂಬಿಕೊಳ್ಳುತ್ತದೆ, ಒಳಗಿನ ತಾಮ್ರಕ್ಕೂ ಅದರ ಪ್ರಭಾವ ತಟ್ಟುತ್ತದೆ. ಎರಡೂ ತುದಿ ತೆರೆದಿರುವ ಒಳ್ಳೆಯ ಕೇಬಲ್ ಅದನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಸ್ಟ್ರಾಪ್ ಕಟ್ಟಿದ ನಿಮ್ಮ ಕೈ ಪ್ಲಾಸ್ಟಿಕ್ ಸಿಪ್ಪೆಯನ್ನಷ್ಟೇ ಹಿಡಿದಿರುತ್ತದೆ. ಪ್ಲಗ್ ಪೋರ್ಟಿನೊಳಗೆ ಹೋದ ಕ್ಷಣ ಕೇಬಲಿನ ಹೊಟ್ಟೆಯಲ್ಲಿದ್ದದ್ದೆಲ್ಲ ಸ್ವಿಚ್‌ಗೆ ಇಳಿಯುತ್ತದೆ.

ಪರಿಹಾರಕ್ಕೆ ಖರ್ಚಿಲ್ಲ. ಒಂದು ಹಳೆಯ ನೆಟ್‌ವರ್ಕ್ ಸಾಕೆಟ್ ತೆಗೆದುಕೊಳ್ಳಿ, ಎಂಟೂ ತಂತಿಗಳನ್ನು ಒಂದಾಗಿ ಹುರಿಮಾಡಿ ರ‍್ಯಾಕಿನ ಅರ್ಥ್ ಪಟ್ಟಿಗೆ ಬಿಗಿಯಿರಿ. ಹೊಸದಾಗಿ ಎಳೆದ ಪ್ರತಿ ಕೇಬಲನ್ನೂ ಮೊದಲು ಅದಕ್ಕೆ ಒಂದು ಸಲ ಸಿಕ್ಕಿಸಿ ತೆಗೆದು, ಆಮೇಲೆ ಸ್ವಿಚ್‌ಗೆ ಹಾಕಿ. ಕೇಬಲಿನ ಇನ್ನೊಂದು ತುದಿಯಲ್ಲಿ ಯಾವ ಉಪಕರಣವೂ ಇರಬಾರದು ಎಂಬುದೊಂದೇ ಎಚ್ಚರ. ನನ್ನ ಚೀಲದಲ್ಲಿರುವ ಅಂಥ ಸಾಕೆಟ್ಟಿಗೆ ಜೊತೆಯವರು ‘ದೃಷ್ಟಿಬೊಂಬೆ’ ಎಂದು ಹೆಸರಿಟ್ಟಿದ್ದಾರೆ.

ತಾಮ್ರದ ಕೇಬಲ್ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಬಯಲಲ್ಲಿ ಹಾಯುವುದು ಬೇಡವೇ ಬೇಡ. ಎರಡು ಕಟ್ಟಡಗಳ ಅರ್ಥ್ ಮಟ್ಟ ಬೇರೆಯಿರುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯಲ್ಲಿ ಹತ್ತಿರದಲ್ಲಿ ಸಿಡಿಲು ಬಿದ್ದರೆ ಎರಡೂ ಕಡೆಯ ಸ್ವಿಚ್ ಹೋಗುತ್ತವೆ. ಅಲ್ಲಿ ಫೈಬರ್ ಎಳೆಯಿರಿ. ಗಾಜಿನ ಎಳೆ ಸಿಡಿಲನ್ನು ಹೊತ್ತು ತರುವುದಿಲ್ಲ. ಫೈಬರ್ ಕೇಬಲಿನ ಒಳಗೆ ಬಲಕ್ಕೆಂದು ಉಕ್ಕಿನ ತಂತಿಯಿದ್ದರೆ ಮಾತ್ರ ಅದಕ್ಕೆ ಬೇರೆ ಅರ್ಥಿಂಗ್ ಬೇಕು.

ಕಟ್ಟಡದ ಒಳಗೂ ವಿದ್ಯುತ್ ತಂತಿ, ನೆಟ್‌ವರ್ಕ್ ಕೇಬಲ್ ಒಂದೇ ಕೊಳವೆಯಲ್ಲಿ ಬೇಡ. ಸ್ವಿಚ್‌ನಿಂದ ಕಂಪ್ಯೂಟರ್ ತನಕ ಒಟ್ಟು 100 ಮೀಟರ್ ಮೀರಬಾರದು, ಕೇಬಲನ್ನು ಅದರ ದಪ್ಪದ ನಾಲ್ಕು ಪಟ್ಟಿಗಿಂತ ಚಿಕ್ಕ ತ್ರಿಜ್ಯದಲ್ಲಿ ಬಗ್ಗಿಸಬಾರದು.

ಗುಂಡಿ ಒತ್ತುವ ಮುನ್ನ, ಆಮೇಲೆ

ವಿದ್ಯುತ್ ಕೊಡುವ ಮೊದಲು ಸಾಕೆಟ್ಟಿನ ಮೂರು ಅಳತೆಗಳನ್ನು ಯುಪಿಎಸ್‌ನ ಹೊರಗಿನ ಸಾಕೆಟ್ಟಿನಲ್ಲೂ ಒಮ್ಮೆ ತೆಗೆಯಿರಿ. ಮುಖ್ಯ ಫಲಕದಲ್ಲಿ ಸರಿಯಿದ್ದ ಅರ್ಥ್ ಯುಪಿಎಸ್ ದಾಟುವಾಗ ಕಳೆದುಹೋಗುವುದುಂಟು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ಸಾಕೆಟ್ಟಿಗೆ ಹಾಕಲು ಅಡಾಪ್ಟರ್ ತಂದುಕೊಡುವವರನ್ನು ನಯವಾಗಿ ವಾಪಸು ಕಳಿಸಿ. ಅಂಕಿಗಳನ್ನೆಲ್ಲ ದಿನಾಂಕ ಸಮೇತ ಒಂದು ಹಾಳೆಯಲ್ಲಿ ಬರೆದು ರ‍್ಯಾಕಿನ ಬಾಗಿಲ ಒಳಬದಿಗೆ ಅಂಟಿಸಿ. ಮುಂದಿನ ಬೇಸಿಗೆಯಲ್ಲಿ ನ್ಯೂಟ್ರಲ್–ಅರ್ಥ್ ಅಂಕಿ ಎರಡರಿಂದ ಒಂಬತ್ತಕ್ಕೆ ಏರಿದ್ದರೆ, ಗುಂಡಿ ಒಣಗಿರಬಹುದು ಅಥವಾ ನ್ಯೂಟ್ರಲ್ ಸಡಿಲವಾಗಿರಬಹುದು ಎಂದು ಆ ಹಾಳೆಯಿಂದಲೇ ಗೊತ್ತಾಗುತ್ತದೆ.

ಒಂದಾದ ಮೇಲೊಂದು ಉಪಕರಣವನ್ನು ಚಾಲೂ ಮಾಡಿ, ಎಲ್ಲವನ್ನೂ ಒಮ್ಮೆಲೇ ಅಲ್ಲ. ಫ್ಯಾನಿನ ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದೆ ಎಂದು ಅಂಗೈ ಹಿಡಿದು ನೋಡಿ. ಒಂದು ಸ್ವಿಚ್ ಬಿಸಿಗಾಳಿ ಉಗುಳುವ ಕಡೆಯೇ ಇನ್ನೊಂದು ಉಸಿರೆಳೆಯುತ್ತಿದ್ದರೆ ಈಗಲೇ ತಿರುಗಿಸಿ.

ಬಂದ ಬೆಳ್ಳಿ ಚೀಲಗಳನ್ನು ಕಸಕ್ಕೆ ಹಾಕಬೇಡಿ. ಮಡಚಿ, ಮಾಡ್ಯೂಲಿನ ಸಂಖ್ಯೆ ಬರೆದು, ರ‍್ಯಾಕಿನ ತಳದಲ್ಲಿಡಿ. ಕೆಟ್ಟ ಕಾರ್ಡನ್ನು ವಾಪಸು ಕಳಿಸುವಾಗ ‘ಹೇಗಿದ್ದರೂ ಕೆಟ್ಟಿದೆಯಲ್ಲ’ ಎಂದು ದಿನಪತ್ರಿಕೆಯಲ್ಲಿ ಸುತ್ತಿ ಕಳಿಸುವವರೇ ಹೆಚ್ಚು. ದಾರಿಯಲ್ಲಿ ಅದಕ್ಕೆ ಇನ್ನೆರಡು ಕಿಡಿ ತಗುಲಿದರೆ, ದುರಸ್ತಿ ಮಾಡುವವರ ಮೇಜಿಗೆ ತಲುಪುವ ಹೊತ್ತಿಗೆ ನಿಮ್ಮ ಮೂಲ ದೋಷ ಯಾವುದು, ದಾರಿಯ ದೋಷ ಯಾವುದು ಎಂದು ಬಿಡಿಸಲು ಬರುವುದಿಲ್ಲ. ಸ್ಟ್ರಾಪ್ ಕಟ್ಟಿಯೇ ತೆಗೆಯಿರಿ, ಅದೇ ಚೀಲದಲ್ಲಿ ಹಾಕಿ, ಬಾಯಿ ಮುಚ್ಚಿ ಕಳಿಸಿ.